‘ರೈಲ್ವೆ ಮದ್ದು’: ಕುಂಬಳೆಯ ಒಂದು ಕಳೆನಿವಾರಣಾ ಸೇವೆಯ ವಿಮರ್ಶೆ

ಕಾಸರಗೋಡು ಜಿಲ್ಲೆಯ ಕುಂಬಳೆಗೂ ಉಪ್ಪಳಕ್ಕೂ ನಡುವೆ, ರೈಲುಹಳಿಯ ಮೂಡು ಮಗ್ಗುಲಲ್ಲಿರುವ ನಮ್ಮ ಮನೆಗೆ ಬರಬೇಕಾದರೆ ರೈಲ್ವೆಯ ಗಡಿಕಲ್ಲುಗಳ ಉದ್ದಕ್ಕೆ ಸುಮಾರು 120 ಮೀಟರ್ ಮಣ್ಣುದಾರಿಯಲ್ಲಿ ನಡೆಯಬೇಕು. ಆಟಿ ಕಳೆದು ಸೋಣ ತಿಂಗಳು ಮುಗಿಯುವಷ್ಟರಲ್ಲಿ, ಅಂದರೆ ಸೆಪ್ಟೆಂಬರ್ ನಡುವಿಗೆ, ಈ ದಾರಿ ಎರಡೂ ಕಡೆಯಿಂದ ಮುಚ್ಚಿಕೊಂಡು ಬರುತ್ತದೆ. ಕಮ್ಯುನಿಸ್ಟ್ ಗಿಡವೆಂದು ನಾವು ಕರೆಯುವ ಕಳೆಪೊದೆ ಎದೆಯೆತ್ತರಕ್ಕೆ ಬೆಳೆದಿರುತ್ತದೆ, ಅದರ ಬುಡದಲ್ಲಿ ಮುಟ್ಟಿದರೆ ಮುನಿ ಹಬ್ಬಿರುತ್ತದೆ, ನಡುವಿನ ಏರಿನಲ್ಲಿ ಗರಿಕೆಯೂ ಹೆಸರು ಗೊತ್ತಿಲ್ಲದ ನಾಲ್ಕಾರು ಹುಲ್ಲುಗಳೂ ಇರುತ್ತವೆ. ಹಿಂದೆಲ್ಲ ಕತ್ತಿ ಹಿಡಿದು ಇಬ್ಬರು ಆಳುಗಳು ಒಂದು ದಿನದಲ್ಲಿ ಮುಗಿಸುತ್ತಿದ್ದ ಈ ಕೆಲಸಕ್ಕೆ ಈಗ ಜನ ಸಿಗುವುದಿಲ್ಲವಾದ್ದರಿಂದ, ಕಳೆದ ಅಕ್ಟೋಬರಿನಲ್ಲಿ ಪೇಟೆಯ ಒಂದು ಕಳೆನಿವಾರಣಾ ಸೇವೆಯವರನ್ನು ಕರೆಸಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರು ಸಣ್ಣದು, ಹುಡುಗರು ಕೆಟ್ಟವರಲ್ಲ.

ಅವರಲ್ಲಿ ಎರಡು ಬಗೆಯ ಸೇವೆಯಿತ್ತು. ಯಂತ್ರದಿಂದ ಹುಲ್ಲು ಕಡಿಯುವುದು ಒಂದು, ಮದ್ದು ಬಿಡುವುದು ಇನ್ನೊಂದು. ಮದ್ದಿಗೆ ಕಡಿಮೆ ಹಣ, ಆರು ತಿಂಗಳ ಖಾತರಿ. ಯಾವ ಮದ್ದು ಎಂದು ಕೇಳಿದ್ದಕ್ಕೆ ಬಂದವನು ಹಳಿಯ ಕಡೆಗೆ ಕೈ ತೋರಿಸಿ, ‘ರೈಲ್ವೆ ಮದ್ದು, ಅಲ್ಲಿ ರೈಲಿನಿಂದಲೇ ಬಿಡುವುದು ಇದನ್ನೇ’ ಎಂದ. ಹಳಿಯ ಪಕ್ಕದಲ್ಲಿ ಇಷ್ಟು ವರ್ಷ ಬದುಕಿರುವ ನಾನು ಇಲ್ಲಿ ಅಂಥ ರೈಲನ್ನು ಒಮ್ಮೆಯೂ ಕಂಡವನಲ್ಲ. ನಾನು ಕಂಡಿರುವುದು ಗ್ಯಾಂಗಿನವರು ಬಿಸಿಲಲ್ಲಿ ಬಗ್ಗಿ ಜಲ್ಲಿಯ ನಡುವಿನ ಗಿಡಗಳನ್ನು ಕೈಯಿಂದ ಕೀಳುವುದನ್ನು ಮಾತ್ರ. ಆದರೂ ಅವನ ಮಾತಿನಲ್ಲಿ ಒಂದು ಸತ್ಯವಿತ್ತು. ಕಳೆಗೆ ಮದ್ದು ಸಿಂಪಡಿಸುವ ರೈಲುಗಳು ಅಮೆರಿಕದಲ್ಲೂ ಯುರೋಪಿನಲ್ಲೂ ನೂರು ವರ್ಷಗಳಷ್ಟು ಹಳೆಯವು. ಆ ರೈಲಿನ ಹೆಸರು ಹೇಳಿ ಮಾರುವ ಸೇವೆಯನ್ನು ಆ ರೈಲಿನ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯವೆಂದು ತೋರುವುದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ರೈಲಿನ ಕುರಿತೇ ಇದೆ.

ಹಳಿಯ ಕೆಳಗಿನ ಜಲ್ಲಿ ಸುಮ್ಮನೆ ಸುರಿದ ಕಲ್ಲಲ್ಲ. ನಮ್ಮ ಬ್ರಾಡ್‌ಗೇಜ್ ಹಳಿಗಳಡಿ ಹೆಚ್ಚೆಂದರೆ 65 ಮಿ.ಮೀ. ಗಾತ್ರಕ್ಕೆ ಒಡೆದ, ಮೂಲೆಗಳು ಚೂಪಾಗಿಯೇ ಉಳಿದ ಕಲ್ಲನ್ನು ಹಾಕುತ್ತಾರೆ. ಆ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಹಳಿಯಡಿಯ ಅಡ್ಡಪಟ್ಟಿಯಾದ ಸ್ಲೀಪರನ್ನು ಹಿಡಿದಿರುತ್ತವೆ, ನಡುವಿನ ಸಂದುಗಳಿಂದ ಮಳೆನೀರು ಇಳಿದುಹೋಗುತ್ತದೆ. ಆ ಸಂದಿಗೆ ಧೂಳು ಬೀಳುತ್ತದೆ, ಧೂಳಿನಲ್ಲಿ ಬೀಜ ಮೊಳೆಯುತ್ತದೆ, ಗಿಡ ಸತ್ತು ಕೊಳೆತು ಗೊಬ್ಬರವಾಗುತ್ತದೆ, ಆ ಗೊಬ್ಬರ ಇನ್ನಷ್ಟು ನೀರನ್ನೂ ಇನ್ನಷ್ಟು ಬೀಜವನ್ನೂ ಹಿಡಿದಿಡುತ್ತದೆ. ನೀರು ನಿಂತ ಜಲ್ಲಿ ಭಾರ ಬಿದ್ದಾಗ ಕೆಸರಾಗಿ ಕುಸಿಯುತ್ತದೆ. ಮರದ ಸ್ಲೀಪರುಗಳ ಕಾಲದಲ್ಲಿ ಮರವೂ ಕೊಳೆಯುತ್ತಿತ್ತು, ಹಳಿಯ ಮೇಲೆ ಬಾಗಿದ ಹುಲ್ಲು ಗಾಲಿಯಡಿ ಅರೆದು ಎಂಜಿನ್ ಜಾರುತ್ತಿತ್ತು, ಒಣಗಿದ ಹುಲ್ಲಿಗೆ ಉಗಿಯೆಂಜಿನಿನ ಕಿಡಿ ಬಿದ್ದು ಬೆಂಕಿ ಹತ್ತುತ್ತಿತ್ತು. ಹಳಿಯುದ್ದಕ್ಕೂ ನಡೆದು, ಹಳಿಯನ್ನು ಬಿಗಿದಿರುವ ಕೀಲಿಗಳನ್ನು ನೋಡುವ ಕೀಮ್ಯಾನ್‌ಗೆ ಹುಲ್ಲಿನಲ್ಲಿ ಹಾವೂ ಕಾಣುವುದಿಲ್ಲ, ಸಡಿಲವಾದ ಕೀಲಿಯೂ ಕಾಣುವುದಿಲ್ಲ. ಭಾರತೀಯ ರೈಲ್ವೆ ಹತ್ತು ವರ್ಷಕ್ಕೊಮ್ಮೆಯಾದರೂ ಇಡೀ ಜಲ್ಲಿಯನ್ನು ತೆಗೆದು ಜರಡಿಯಾಡಿಸಿ ಮತ್ತೆ ತುಂಬಬೇಕೆಂದು ನಿಯಮ ಮಾಡಿಕೊಂಡಿರುವುದಕ್ಕೆ ಈ ಕೊಳೆಯೇ ಕಾರಣ. (ಶೌಚಾಲಯಗಳು ನೇರವಾಗಿ ಹಳಿಗೆ ತೆರೆದುಕೊಂಡಿದ್ದ ಕಾಲದಲ್ಲಿ ನಿಲ್ದಾಣದ ಆಸುಪಾಸಿನ ಜಲ್ಲಿಯಲ್ಲಿ ಟೊಮೆಟೊ ಗಿಡಗಳು ಸೊಂಪಾಗಿ ಬೆಳೆಯುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು; ಅವುಗಳ ಹಣ್ಣನ್ನು ಕೀಳಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು.)

ಹಾಗಾಗಿ ಹಳಿಯ ಮೇಲೆ ಒಂದೇ ಒಂದು ಹಸಿರು ಎಳೆಯೂ ಬೇಡವೆಂಬುದು ರೈಲ್ವೆಯ ಅಪೇಕ್ಷೆ. ತೋಟದವನಿಗೆ ಬೆಳೆ ಉಳಿದು ಕಳೆ ಹೋಗಬೇಕು. ಹಳಿಯಲ್ಲಿ ಉಳಿಯಬೇಕಾದ ಗಿಡವೇ ಇಲ್ಲ. ಸಿಂಪಡಣೆಯ ರೈಲಿನ ರಚನೆಯಲ್ಲಿರುವ ಎಲ್ಲವೂ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ರೈಲೆಂದರೆ ನೀರಿನ ಟ್ಯಾಂಕುಗಳ ಒಂದು ಸಾಲು, ಮದ್ದನ್ನು ಬೆರೆಸಿ ಒತ್ತುವ ಪಂಪಿನ ಗಾಡಿ, ತುದಿಯಲ್ಲಿ ಸಿಂಪಡಿಸುವ ಗಾಡಿ, ಇವುಗಳನ್ನು ಎಳೆಯುವ ಅಥವಾ ತಳ್ಳುವ ಎಂಜಿನ್. ಬ್ರಿಟನ್ನಿನಲ್ಲಿ ಕೆಲಸದಿಂದ ನಿವೃತ್ತವಾದ ಉಗಿಯೆಂಜಿನ್‌ಗಳ ಟೆಂಡರುಗಳನ್ನೇ (ಎಂಜಿನ್ನಿಗೆ ಕಲ್ಲಿದ್ದಲು, ನೀರು ಹೊರುವ ಗಾಡಿಗಳನ್ನು) ನೀರಿನ ತೊಟ್ಟಿಗಳಾಗಿ ಜೋಡಿಸುತ್ತಿದ್ದರು. ಸಿಂಪಡಿಸುವ ಗಾಡಿಯ ಕೆಳಗೆ ಹಳಿಗಳ ನಡುವಿನ ಭಾಗಕ್ಕೆ ಒಂದಿಷ್ಟು ನಳಿಕೆಗಳು, ಎಡಬಲದ ಅಂಚುಗಳಿಗೆ ಬೇರೆ ಬೇರೆ ನಳಿಕೆಗಳು ಇರುತ್ತವೆ. ಎದುರಿನ ದಾರಿ ಕಾಣುವಂತೆ ಗಾಜಿನ ಕೋಣೆಯಲ್ಲಿ ಕುಳಿತವನ ಕೈಯಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಬಿರಡೆ ಇರುತ್ತದೆ. ಸೇತುವೆ ಬಂದಾಗ, ತೋಡು ದಾಟುವಾಗ, ಗೇಟಿನಲ್ಲಿ ಜನ ನಿಂತಿರುವಾಗ, ಒಂದು ಬದಿಯಲ್ಲಿ ಯಾರದೋ ತೋಟ ಕಂಡಾಗ ಅವನು ಆ ಬದಿಯನ್ನಷ್ಟೇ ಮುಚ್ಚುತ್ತಾನೆ. ಎಲ್ಲಿ ಬಿಡಬಾರದೆಂದು ತಿಳಿದಿರುವುದಕ್ಕೆ ಅವನಿಗೆ ಸಂಬಳ ಎಂದರೂ ತಪ್ಪಾಗದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿ ಅಡಿಕೆಗೆ ಮದ್ದು ಬಿಟ್ಟು ಬೆಳೆದವರಿಗೆ ಲೆಕ್ಕದ ಮಹತ್ವ ಗೊತ್ತು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಹಿಂಗಾರ ಸುಡುತ್ತದೆ. ರೈಲಿನ ಲೆಕ್ಕ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಏಕೆಂದರೆ ಅಲ್ಲಿ ಸಿಂಪಡಿಸುವವನು ಓಡುತ್ತಿರುತ್ತಾನೆ. ಉದಾಹರಣೆಗೆ ಆರು ಮೀಟರ್ ಅಗಲದ ಪಟ್ಟಿಗೆ ಹೆಕ್ಟೇರಿಗೆ 500 ಲೀಟರ್ ದ್ರಾವಣ ಬೀಳಬೇಕೆಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರ್ ಹಳಿಯೆಂದರೆ 0.6 ಹೆಕ್ಟೇರ್, ಅಂದರೆ 300 ಲೀಟರ್. ರೈಲು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಪಂಪು ನಿಮಿಷಕ್ಕೆ 200 ಲೀಟರ್ ಬಿಡಬೇಕು, ಸಿಗ್ನಲಿಗಾಗಿ ವೇಗ 20ಕ್ಕೆ ಇಳಿದೊಡನೆ 100ಕ್ಕೆ ಇಳಿಯಬೇಕು. ಇಳಿಯದಿದ್ದರೆ ಆ ಜಾಗಕ್ಕೆ ಎರಡು ಪಟ್ಟು ವಿಷ ಬೀಳುತ್ತದೆ. ಆದ್ದರಿಂದಲೇ ಒಳ್ಳೆಯ ಯಂತ್ರಗಳಲ್ಲಿ ಹರಿವನ್ನು ಗಾಲಿಯ ವೇಗಕ್ಕೆ ಕಟ್ಟಿಹಾಕಿರುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 46 ಕಿಲೋಮೀಟರ್. ಈ ಲೆಕ್ಕದಲ್ಲಿ ಒಂದು ಜೋಡಿ ಹಳಿಗೆ 14,000 ಲೀಟರಿನ ಆಸುಪಾಸು, ಒಂದು ಗಂಟೆ ಹತ್ತು ನಿಮಿಷದ ಕೆಲಸ. ಅದನ್ನೇ ಬೆನ್ನಿಗೆ ಕಟ್ಟುವ 16 ಲೀಟರಿನ ಪಂಪಿನಿಂದ ಮಾಡಹೊರಟರೆ ಎಂಟುನೂರಕ್ಕೂ ಹೆಚ್ಚು ಸಲ ತುಂಬಬೇಕು. ರೈಲ್ವೆಗಳು ಈ ರೈಲನ್ನು ಯಾಕೆ ಅಪ್ಪಿಕೊಂಡವೆಂಬುದಕ್ಕೆ ಬೇರೆ ವಿವರಣೆ ಬೇಡ.

ಇನ್ನು ನಮ್ಮ ದಾರಿ. ಎರಡು ಬದಿಯಲ್ಲಿ ಒಂದೂವರೆ ಮೀಟರಿನಂತೆ 360 ಚದರ ಮೀಟರ್. ಇದೇ ಪ್ರಮಾಣದಲ್ಲಿ 18 ಲೀಟರ್ ದ್ರಾವಣ, ಅಂದರೆ ಒಂದು ಪಂಪಿಗಿಂತ ತುಸು ಹೆಚ್ಚು ಸಾಕಿತ್ತು. ಹುಡುಗ ಎರಡೂವರೆ ಪಂಪು ಬಿಟ್ಟ. ಮದ್ದನ್ನು ಅಳೆದದ್ದು ಬಾಟಲಿಯ ಮುಚ್ಚಳದಲ್ಲಿ, ‘ಹುಲ್ಲು ಜೋರಾಗಿದೆ’ ಎಂದು ಮತ್ತರ್ಧ ಮುಚ್ಚಳ ಸೇರಿಸಿದ. ನಡುವೆ ಫೋನು ಬಂತು. ನಿಂತು ಮಾತಾಡಿದ, ಮಾತಾಡುತ್ತಿದ್ದಷ್ಟು ಹೊತ್ತೂ ನಳಿಕೆ ಒಂದೇ ಪೊದೆಯ ಮೇಲೆ ಸುರಿಯುತ್ತಿತ್ತು. ಪಂಪಿಗೆ ಸಿಕ್ಕಿಸಿದ್ದು ಕೀಟನಾಶಕಕ್ಕೆ ಬಳಸುವ, ಮಂಜಿನಂತೆ ಹರಡುವ ನಳಿಕೆ. ಅಡಿಕೆ ಗೊನೆಯ ಸಂದಿಗೊಂದಿಗೆ ಮದ್ದು ತಲುಪಬೇಕಾದಲ್ಲಿ ಅದು ಸರಿ. ಕಳೆನಾಶಕಕ್ಕೆ ದಪ್ಪ ಹನಿಗಳನ್ನು ಚಪ್ಪಟೆಯಾಗಿ ಬೀಳಿಸುವ ನಳಿಕೆ ಬೇಕು. ಕಳೆಯ ರೈಲುಗಳು ಇದನ್ನು ಬಹಳ ಹಿಂದೆಯೇ ಕಲಿತವು, ಓಡುವ ರೈಲು ತಾನೇ ಎಬ್ಬಿಸುವ ಗಾಳಿಗೆ ಸಣ್ಣ ಹನಿಗಳು ಎಲ್ಲೆಲ್ಲೋ ಹಾರಿಹೋಗುವುದರಿಂದ.

ಬಾಟಲಿಯ ಚೀಟಿ ತೋರಿಸೆಂದು ನಾನು ಹಟ ಹಿಡಿದಾಗ ಹುಡುಗ ತುಸು ಮುನಿಸಿಕೊಂಡರೂ ತೋರಿಸಿದ. 2,4-ಡಿ ಎಂಬ ಕಳೆನಾಶಕ, ಈಥೈಲ್ ಎಸ್ಟರ್ ರೂಪದ್ದು, 38 ಶೇಕಡಾ. ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕ ಇರಬಹುದೆಂದು ನಾನು ಅಂಜಿದ್ದೆ. ಕೇರಳ ಸರಕಾರ 2019ರಲ್ಲಿ ಅದನ್ನು ನಿಷೇಧಿಸಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರವೂ ಪರವಾನಗಿ ಪಡೆದ ಕೀಟನಿಯಂತ್ರಕರ ಹೊರತು ಬೇರೆ ಯಾರೂ ಅದನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿತು. 2,4-ಡಿ ಎಂದು ಓದಿ ಸಮಾಧಾನವಾಯಿತು. ಆ ಸಮಾಧಾನ ಮೂರೇ ದಿನ ಉಳಿಯಿತು.

ಸಿಂಪಡಣೆಯ ರೈಲು ನೂರು ವರ್ಷಗಳಲ್ಲಿ ಹೊತ್ತ ಮದ್ದುಗಳ ಚರಿತ್ರೆಯೇ ಒಂದು ವಿಮರ್ಶೆ. ಮೊದಮೊದಲು ಉಪ್ಪುನೀರು, ಬಿಸಿ ಉಗಿ, ಎಣ್ಣೆ, ಬೆಂಕಿಯ ಜ್ವಾಲೆಗಳನ್ನೆಲ್ಲ ಪ್ರಯೋಗಿಸಿ ನೋಡಿದರು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗೆದ್ದದ್ದು ಸೋಡಿಯಂ ಆರ್ಸೆನೈಟ್, ಅಂದರೆ ಪಾಷಾಣದ ಲವಣ. ಅಗ್ಗ, ಖಚಿತ, ಹುಲ್ಲು ಮತ್ತು ಗಿಡಗಳೆಂಬ ಭೇದವಿಲ್ಲ. ಮದ್ದು ಬಿದ್ದ ಹುಲ್ಲಿನ ಉಪ್ಪುರುಚಿಗೆ ದನಗಳು ಬೇಲಿ ಹಾರಿ ಬಂದು ನೆಕ್ಕಿ ಸಾಯುತ್ತಿದ್ದುದು ಅದರ ದೊಡ್ಡ ದೂರು. ಅದಕ್ಕಿಂತ ದೊಡ್ಡ ದೂರು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಆರ್ಸೆನಿಕ್ ಒಂದು ಮೂಲವಸ್ತು, ಅದು ಒಡೆದು ಬೇರೇನೋ ಆಗಿ ಮಾಯವಾಗುವುದಿಲ್ಲ. ಅಂದು ರೈಲಿನಿಂದ ಬಿದ್ದದ್ದು ಹಳೆಯ ಹಳಿದಾರಿಗಳ ಮಣ್ಣಿನಲ್ಲಿ ಇಂದಿಗೂ ಸಿಗುತ್ತದೆ. ರೈಲು ನಿಂತುಹೋದ ದಾರಿಗಳನ್ನು ನಡಿಗೆಯ ಪಥಗಳನ್ನಾಗಿ ಮಾಡುವಾಗ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕಾಗುತ್ತದೆ.

ಪಾಷಾಣಕ್ಕೆ ಬದಲಾಗಿ ಬಂದ ಸೋಡಿಯಂ ಕ್ಲೋರೇಟ್ ದನಗಳಿಗೆ ಅಷ್ಟು ವಿಷವಲ್ಲ. ಆದರೆ ಅದು ಬೆಂಕಿಪೆಟ್ಟಿಗೆ ಮತ್ತು ಪಟಾಕಿಗಳ ಬಂಧು, ತಾನು ಉರಿಯದೆ ಪಕ್ಕದ್ದನ್ನು ಉರಿಸುವ ಜಾತಿ. ಕ್ಲೋರೇಟ್ ನೆನೆದು ಒಣಗಿದ ಹುಲ್ಲು ಕಿಡಿ ಸೋಕಿದರೆ ಭುಗಿಲೇಳುತ್ತಿತ್ತು, ಕೆಲಸಗಾರರ ಬಟ್ಟೆಗೂ ಅದೇ ಗತಿ. ಕಿಡಿ ಉಗುಳುವ ಎಂಜಿನಿನ ದಾರಿಗೆ ಇಂಥ ಮದ್ದನ್ನು ಆರಿಸಿದವರ ಧೈರ್ಯವನ್ನು ಏನೆನ್ನಬೇಕೋ ತಿಳಿಯದು. ಆಮೇಲೆ ತೇವವನ್ನು ಹೀರಿ ಹಿಡಿದಿಡುವ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸಿ, ಒಣಗದಂತೆ ನೋಡಿಕೊಂಡು ಅಪಾಯವನ್ನು ತಗ್ಗಿಸಿದರು.

1945ರ ಹೊತ್ತಿಗೆ ಮಾರುಕಟ್ಟೆಗೆ ಬಂದ 2,4-ಡಿ ಈ ಎರಡಕ್ಕಿಂತಲೂ ಬೇರೆಯೇ ಬಗೆಯದು. ಅದು ಗಿಡದೊಳಗಿನ ಬೆಳವಣಿಗೆಯ ಚೋದಕದಂತೆ ನಟಿಸಿ, ಅಂಕೆಯಿಲ್ಲದೆ ಬೆಳೆಯುವಂತೆ ಮಾಡಿ, ಸುರುಟಿಸಿ ಕೊಲ್ಲುತ್ತದೆ. ಬೇಕಾಗುವ ಪ್ರಮಾಣವೂ ಅತ್ಯಲ್ಪ. ರೈಲ್ವೆಗಳು ಉತ್ಸಾಹದಿಂದ ಟ್ಯಾಂಕು ತುಂಬಿಸಿಕೊಂಡವು. ಕಷ್ಟವೆಂದರೆ ಅದು ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಮುಟ್ಟುವುದಿಲ್ಲ. ಗೋಧಿ, ಭತ್ತದ ಗದ್ದೆಗಳಲ್ಲಿ ವರವಾದ ಗುಣವೇ ಹಳಿಯಲ್ಲಿ ದೋಷವಾಯಿತು. ಅಗಲ ಎಲೆಯವು ಸತ್ತು ತೆರವಾದ ಜಾಗವನ್ನೆಲ್ಲ ಹುಲ್ಲು ಆಕ್ರಮಿಸಿತು. ಅದಕ್ಕಾಗಿ ಹುಲ್ಲನ್ನು ಕೊಲ್ಲುವ ಟಿಸಿಎಯನ್ನೂ ಆಮೇಲೆ ಡಾಲಪಾನನ್ನೂ ಜೊತೆಗೆ ಬೆರೆಸಬೇಕಾಯಿತು. ಇಷ್ಟನ್ನು ಓದಿ ತಿಳಿಯುವ ಮೊದಲೇ ನಾನು ಅದನ್ನು ನಮ್ಮ ದಾರಿಯಲ್ಲಿ ಕಣ್ಣಾರೆ ಕಂಡೆ. ಹತ್ತು ದಿನದಲ್ಲಿ ಕಮ್ಯುನಿಸ್ಟ್ ಗಿಡ ತಲೆಬಾಗಿ ಕಪ್ಪಾಯಿತು, ಮುಟ್ಟಿದರೆ ಮುನಿ ಶಾಶ್ವತವಾಗಿ ಮುನಿಯಿತು. ನೆರಳು ಸರಿದು ಬಿಸಿಲು ಬಿದ್ದ ಗರಿಕೆಯೂ ಅದರ ಸೋದರರೂ ಮೂರು ವಾರದಲ್ಲಿ ಮೊಣಕಾಲಿಗೆ ಬಂದವು. ಆರು ತಿಂಗಳ ಖಾತರಿಯ ಮಾತೆತ್ತಿದಾಗ ಸಿಕ್ಕ ಉತ್ತರ: ‘ಅದು ಹುಲ್ಲಲ್ಲವಾ, ಕಳೆ ಹೋಗಿದೆಯಲ್ಲ.’ ಒಂದರ್ಥದಲ್ಲಿ ಅವನು ಹೇಳಿದ್ದು ಸರಿಯೇ, ಚೀಟಿಯನ್ನು ಓದಿ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

ಸಿಂಪಡಿಸಿದ ಮೂರನೆಯ ದಿನ ಬಾವಿಕಟ್ಟೆಯ ಬಳಿಯ ಬಸಳೆ ಚಪ್ಪರದಲ್ಲಿ ಎಳೆಯ ಕುಡಿಗಳು ಹಂದಿಯ ಬಾಲದಂತೆ ಸುರುಳಿಯಾದವು, ಎಲೆಗಳು ಬಟ್ಟಲಿನಂತೆ ಮಡಚಿಕೊಂಡವು. ಚಪ್ಪರಕ್ಕೂ ದಾರಿಗೂ ನಡುವೆ ಹನ್ನೆರಡು ಮೀಟರಿನಷ್ಟು ಅಂತರವಿದೆ. ಆ ದಿನ ಹೇಳಿಕೊಳ್ಳುವಂಥ ಗಾಳಿಯೂ ಇರಲಿಲ್ಲ. ಆದರೆ ಈಥೈಲ್ ಎಸ್ಟರಿನ ಸ್ವಭಾವವೇ ಆವಿಯಾಗುವುದು. ನೆಲಕ್ಕೆ ಬಿದ್ದ ಮೇಲೂ ಬಿಸಿಲೇರಿದಾಗ ಎದ್ದು ಹೊರಡುತ್ತದೆ, ಅದೇ 2,4-ಡಿಯ ಅಮೈನ್ ಲವಣ ಅಷ್ಟು ಏಳುವುದಿಲ್ಲ. ಹಳಿಯ ಪಕ್ಕದ ದ್ರಾಕ್ಷಿ, ಹತ್ತಿ, ಟೊಮೆಟೊ ಬೆಳೆಗಾರರಿಂದ ಇದೇ ದೂರನ್ನು ಕೇಳಿ ಕೇಳಿ ಬೇರೆ ದೇಶಗಳಲ್ಲಿ ಎಸ್ಟರುಗಳ ಬಳಕೆಗೆ ಕಟ್ಟಳೆಗಳು ಬಂದಿವೆ. ನಮ್ಮ ಸೇವೆಯವರಿಗೆ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ, ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತಂದಿದ್ದರು. ಬಸಳೆಯನ್ನು ಬುಡದವರೆಗೆ ಕತ್ತರಿಸಿ ಎಸೆದೆವು. ಆ ತಿಂಗಳು ಕೊದ್ದೆಲಿಗೆ ಪೇಟೆಯಿಂದ ಅಲಸಂಡೆ ತಂದೆವು.

ಕಾಸರಗೋಡಿನವನು ಸಿಂಪಡಣೆಯ ಬಗ್ಗೆ ಬರೆಯುವಾಗ ಎಂಡೋಸಲ್ಫಾನಿನ ಹೆಸರೆತ್ತದೆ ಇರುವುದು ಸಾಧ್ಯವಿಲ್ಲ. ಅದು ಕಳೆನಾಶಕವಲ್ಲ, ಗೇರುತೋಟಗಳ ‘ಟೀ ಸೊಳ್ಳೆ’ ಎಂಬ ತಿಗಣೆಜಾತಿಯ ಕೀಟಕ್ಕಾಗಿ ಬಿಟ್ಟ ಕೀಟನಾಶಕ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಷನ್ ಕಾರ್ಪೊರೇಷನ್ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿತ್ತು. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಹುಟ್ಟಿದ ಮಕ್ಕಳಿಗೆ ಏನಾಯಿತೆಂಬುದನ್ನು ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಈ ವಿಮರ್ಶೆಗೆ ಬೇಕಾದಷ್ಟನ್ನು ಮಾತ್ರ ಹೇಳುವುದಾದರೆ, ತೋಟದ ಗಡಿ ಎಲ್ಲಿ ಮುಗಿಯಿತೆಂದು ಆಕಾಶದಲ್ಲಿದ್ದವನಿಗೆ ಕಾಣುತ್ತಿರಲಿಲ್ಲ, ಗಡಿಯ ಈಚೆಗಿನ ಬಾವಿ, ತೋಡು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳಿಗೆ ಬಿರಡೆ ಮುಚ್ಚುವವನು ಯಾರೂ ಇರಲಿಲ್ಲ. ನೆಲದಿಂದ ಮೊಣಕಾಲೆತ್ತರದಲ್ಲಿ ನಳಿಕೆಯಿಟ್ಟು, ಮೂರು ಮೀಟರಿನಾಚೆಗೆ ಒಂದು ಹನಿಯೂ ಹೋಗಬಾರದೆಂದು ಕಟ್ಟಿದ ರೈಲು ಆ ಮಟ್ಟಿಗೆ ಹೆಲಿಕಾಪ್ಟರಿಗಿಂತ ಸಭ್ಯ ಯಂತ್ರ. ದೆಹಲಿಯ ಸುತ್ತ ಉತ್ತರ ರೈಲ್ವೆ ಓಡಿಸುವ ಸೊಳ್ಳೆಮದ್ದಿನ ರೈಲು ಇದಕ್ಕೆ ತದ್ವಿರುದ್ಧ: ಹಳಿಯಿಂದ ಆದಷ್ಟು ದೂರದ ಗುಂಡಿಗಳನ್ನು ತಲುಪುವುದೇ ಅದರ ಗುರಿ.

ಆದರೆ ರೈಲಿಗೂ ಅಡಗಿಸಲಾಗದ ಒಂದು ದೋಷವಿದೆ, ಅದು ಕೆಳಮುಖವಾದದ್ದು. ತೋಟದ ಮಣ್ಣಿನಲ್ಲಿ ಗೊಬ್ಬರವೂ ಸೂಕ್ಷ್ಮಜೀವಿಗಳೂ ಮದ್ದನ್ನು ಹಿಡಿದಿಟ್ಟು ನಿಧಾನವಾಗಿ ಅರಗಿಸುತ್ತವೆ. ಜಲ್ಲಿಗೆ ಆ ಶಕ್ತಿಯಿಲ್ಲ, ಬಿದ್ದದ್ದು ನೇರವಾಗಿ ಕೆಳಗಿಳಿಯುತ್ತದೆ. ನೆಲದಲ್ಲಿ ಬಹುಕಾಲ ಉಳಿದು ಬೀಜ ಮೊಳೆಯದಂತೆ ಮಾಡುವ ಡೈಯುರಾನ್, ಅಟ್ರಜೀನ್‌ಗಳನ್ನು ಯುರೋಪಿನ ರೈಲುಗಳು ಬಳಸಿದಾಗ ಅವು ಅಂತರ್ಜಲದಲ್ಲಿ ಕಾಣಿಸಿಕೊಂಡವು. ಜರ್ಮನಿ 1991ರಲ್ಲಿ ಅಟ್ರಜೀನನ್ನು ನಿಷೇಧಿಸಿತು. ಬಳಿಕ ಅವರು ನೆಚ್ಚಿಕೊಂಡಿದ್ದ ಗ್ಲೈಫೋಸೇಟನ್ನೂ ಜರ್ಮನಿಯ ರೈಲ್ವೆ ಈಗ ಕೈಬಿಟ್ಟಿದೆ. ಹಸಿರೆಲೆ ಬೆಳಕನ್ನು ಪ್ರತಿಫಲಿಸುವ ರೀತಿಯನ್ನು ಗುರುತಿಸಿ, ಗಿಡ ಕಂಡಲ್ಲಿ ಮಾತ್ರ ನಳಿಕೆ ತೆರೆಯುವ ರೈಲುಗಳು ಬಂದಿವೆ. ಸ್ವಿಟ್ಜರ್ಲೆಂಡಿನಲ್ಲಿ ಬರಿಯ ಬಿಸಿನೀರು ಬಿಡುವ ರೈಲನ್ನು ಪ್ರಯೋಗಿಸಿದ್ದಾರೆ. ಉಗಿಯಿಂದ ಹೊರಟು ಪಾಷಾಣ ಸುತ್ತಿ ಮತ್ತೆ ಬಿಸಿನೀರಿಗೆ ಬಂದು ನಿಂತ ಪ್ರಯಾಣ ಇದು.

ಕುಂಬಳೆ ಕಡಲತಡಿಯ ಹೊಯ್ಗೆಮಣ್ಣೂ ನೀರು ಇಳಿಸುವುದರಲ್ಲಿ ಜಲ್ಲಿಯ ತಮ್ಮನೇ. ನಮ್ಮ ಬಾವಿಯ ನೀರು ಮಳೆಗಾಲದಲ್ಲಿ ಕೈಗೆಟಕುತ್ತದೆ. ತುಲಾಮಾಸದ ಮಧ್ಯಾಹ್ನಗಳಲ್ಲಿ ಸಿಡಿಲಿನೊಂದಿಗೆ ಬರುವ ಮಳೆಗೆ ಮುಂಚೆ ಮದ್ದು ಎಲೆಯೊಳಗೆ ಇಳಿಯಲು ಸಾಕಷ್ಟು ಹೊತ್ತು ಸಿಗಬೇಕು. ಹುಡುಗರು ಬಂದದ್ದು ಹನ್ನೊಂದಕ್ಕೆ, ಮೋಡ ಕಟ್ಟಿದ್ದು ಎರಡಕ್ಕೆ. ಅದೃಷ್ಟಕ್ಕೆ ಅಂದು ಮಳೆ ಬರಲಿಲ್ಲ.

ಸೇವೆಯವರ ಪರವಾಗಿ ಹೇಳಬೇಕಾದದ್ದೂ ಇದೆ. ಹೇಳಿದ ದಿನಕ್ಕೆ ಬಂದರು, ಬಾಯಿಬಟ್ಟೆ ಮತ್ತು ಕೈಗವಸು ಹಾಕಿಕೊಂಡಿದ್ದರು, ಖಾಲಿ ಬಾಟಲಿಯನ್ನು ತೋಡಿಗೆ ಎಸೆಯದೆ ವಾಪಸು ಕೊಂಡುಹೋದರು. ಬಸಳೆಯ ಸುದ್ದಿ ತಿಳಿದ ಯಜಮಾನರು ತಾವೇ ಬಂದು ನೋಡಿ, ಮದ್ದಿಗೆ ತೆಗೆದುಕೊಂಡಿದ್ದ 1,800 ರೂಪಾಯಿಯನ್ನು ಮುಂದಿನ ಕೆಲಸಕ್ಕೆ ವಜಾ ಮಾಡಿಕೊಂಡರು. ನವೆಂಬರಿನಲ್ಲಿ ಯಂತ್ರ ತಂದು ಕಡಿದದ್ದು ಅಚ್ಚುಕಟ್ಟಾಗಿತ್ತು, ಮೂರು ಗಂಟೆಯ ಕೆಲಸ, 2,600 ರೂಪಾಯಿ. ಕಲ್ಲು ಸಿಡಿಯದಂತೆ ಬ್ಲೇಡಿನ ಬದಲು ದಾರ ಹಾಕಿದ್ದರಿಂದ ಗಡಿಯ ಎಳೆ ತೆಂಗುಗಳ ಬುಡಕ್ಕೂ ಏಟು ಬೀಳಲಿಲ್ಲ. ನಡುವಿನ ಏರಿನ ಗರಿಕೆಯನ್ನು ಬೇಕೆಂದೇ ಬಿಡಿಸಿದೆ. ಹಳಿಗೆ ಶತ್ರುವಾದ ಆ ಹುಲ್ಲಿಲ್ಲದಿದ್ದರೆ ನಮ್ಮ ದಾರಿಯ ಮಣ್ಣು ಒಂದೇ ಮಳೆಗಾಲದಲ್ಲಿ ತೋಡು ಸೇರುತ್ತದೆ.

ಕಡಿಯುವ ಸೇವೆಗೆ ಐದರಲ್ಲಿ ನಾಲ್ಕು ಅಂಕ. ಮದ್ದಿನ ಸೇವೆಗೆ ಒಂದೂವರೆ, ಆ ಅರ್ಧ ಅಂಕ ಬಾಟಲಿ ವಾಪಸು ಕೊಂಡುಹೋದದ್ದಕ್ಕೆ. ಕರೆಸಲೇಬೇಕೆಂದಿರುವವರು ಕೆಲಸ ಶುರುವಾಗುವ ಮುಂಚೆ ಚೀಟಿ ಓದಿ, ಎಸ್ಟರೋ ಅಮೈನೋ ನೋಡಿ, ಅಳತೆಯ ಲೋಟ ತಾವೇ ಕೊಟ್ಟು, ಬಾವಿಯಿರುವ ಬದಿಯಲ್ಲಿ ಪಂಪು ಬಂದ್ ಮಾಡಿಸಿಕೊಳ್ಳಬೇಕು. ನಾವು ಮುಂದಿನ ಸೋಣ ತಿಂಗಳ ಕೊನೆಗೆ ಯಂತ್ರವನ್ನು ಈಗಲೇ ಹೇಳಿಟ್ಟಿದ್ದೇವೆ. ಬಸಳೆ ಬುಡದಿಂದ ಮತ್ತೆ ಚಿಗುರಿದೆ, ಕುಡಿಗಳು ನೇರವಾಗಿವೆ.